ಟೀಮ್ ಇಂಡಸ್

ಟೀಮ್ ಇಂಡಸ್ ಬೆಂಗಳೂರಿನ ಉತ್ತರ ಭಾಗದ ಜಕ್ಕೂರಿನಲ್ಲಿ ನೆಲೆಗೊಂಡಿದ್ದ ಖಾಸಗಿ ಬಾಹ್ಯಾಕಾಶ ತಂಡ. ಆಕ್ಸಿಯಮ್ ರಿಸರ್ಚ್ ಲ್ಯಾಬ್ಸ್ ಎಂಬ ಕಂಪನಿಯ ಮೂಲಕ ಕಾರ್ಯನಿರ್ವಹಿಸಿದ ಈ ತಂಡವು ಚಂದ್ರನ ಮೇಲೆ ನೌಕೆಯೊಂದನ್ನು ಮೆದುವಾಗಿ ಇಳಿಸಿ, ಅದರಿಂದ ಪುಟ್ಟ ರೋವರ್ ಒಂದನ್ನು ಓಡಿಸುವ ಗುರಿಯನ್ನು ಹೊಂದಿತ್ತು. ಗೂಗಲ್ ಲೂನಾರ್ ಎಕ್ಸ್ ಪ್ರೈಜ್ ಎಂಬ ಅಂತಾರಾಷ್ಟ್ರೀಯ ಸ್ಪರ್ಧೆಯಲ್ಲಿ ಭಾಗವಹಿಸಿದ ಏಕೈಕ ಭಾರತೀಯ ತಂಡ ಇದಾಗಿತ್ತು. 2015ರಲ್ಲಿ ಇಳಿಕೆಯ ತಂತ್ರಜ್ಞಾನಕ್ಕಾಗಿ 10 ಲಕ್ಷ ಡಾಲರುಗಳ ಮೈಲಿಗಲ್ಲು ಬಹುಮಾನವನ್ನು ಪಡೆದ ತಂಡವು 2017ರಲ್ಲಿ ಅಂತಿಮ ಐದು ತಂಡಗಳಲ್ಲಿ ಒಂದಾಗಿ ಉಳಿಯಿತು. ಆದರೆ ನೌಕೆಯ ಉಡಾವಣೆ ನಡೆಯಲಿಲ್ಲ. 2018ರ ಮಾರ್ಚ್ 31ರಂದು ಸ್ಪರ್ಧೆಯು ಯಾರಿಗೂ ಬಹುಮಾನ ದೊರೆಯದೆ ಕೊನೆಗೊಂಡಿತು.

ಭಾರತದಲ್ಲಿ ಖಾಸಗಿ ಬಾಹ್ಯಾಕಾಶ ಉದ್ಯಮಕ್ಕೆ ಸ್ಪಷ್ಟ ನೀತಿಯೇ ಇಲ್ಲದಿದ್ದ ಕಾಲದಲ್ಲಿ ನಡೆದ ಈ ಪ್ರಯತ್ನವು, ಮಹತ್ವಾಕಾಂಕ್ಷೆಯ ತಂತ್ರಜ್ಞಾನ ನವೋದ್ಯಮಗಳು ಎದುರಿಸುವ ತೊಡಕುಗಳನ್ನು ತಿಳಿಯಲು ಉಪಯುಕ್ತವಾದ ನಿದರ್ಶನವಾಗಿದೆ.

ಹಿನ್ನೆಲೆ

ಚಂದ್ರನ ನೆಲದ ಮೇಲೆ ಮೊದಲ ಬಾರಿಗೆ ಮೆದುವಾಗಿ ಇಳಿದ ನೌಕೆ ಸೋವಿಯತ್ ಒಕ್ಕೂಟದ ಲೂನಾ 9. ಅದು 1966ರ ಫೆಬ್ರವರಿಯಲ್ಲಿ ಇಳಿಯಿತು. ಅದೇ ವರ್ಷದ ಜೂನ್‌ನಲ್ಲಿ ಅಮೆರಿಕದ ಸರ್ವೇಯರ್ 1 ಇಳಿಯಿತು. 1976ರಲ್ಲಿ ಲೂನಾ 24 ಇಳಿದ ಬಳಿಕ ಸುಮಾರು 37 ವರ್ಷಗಳ ಕಾಲ ಚಂದ್ರನ ಮೇಲೆ ಯಾವ ದೇಶದ ನೌಕೆಯೂ ಮೆದುವಾಗಿ ಇಳಿಯಲಿಲ್ಲ. ಈ ದೀರ್ಘ ಮೌನವನ್ನು ಮುರಿದದ್ದು 2013ರ ಡಿಸೆಂಬರ್‌ನಲ್ಲಿ ಇಳಿದ ಚೀನಾದ ಚಾಂಗ್-ಇ 3. ಹೀಗಾಗಿ 2010ರ ಹೊತ್ತಿಗೆ ಈ ಸಾಧನೆ ಮಾಡಿದ್ದವು ಎರಡೇ ರಾಷ್ಟ್ರಗಳು. ಖಾಸಗಿ ಸಂಸ್ಥೆ ಯಾವುದೂ ಆ ಸಾಹಸಕ್ಕೆ ಇಳಿದಿರಲಿಲ್ಲ.

ಭಾರತವು 2008ರ ಅಕ್ಟೋಬರ್ 22ರಂದು ಚಂದ್ರಯಾನ-1ನ್ನು ಉಡಾಯಿಸಿತು. ಅದು ಚಂದ್ರನ ಸುತ್ತ ಸುತ್ತುವ ಕಕ್ಷಾನೌಕೆಯಾಗಿತ್ತು. ಅದರಿಂದ ಬೇರ್ಪಟ್ಟ ಶೋಧಕವೊಂದು ಚಂದ್ರನ ಮೇಲ್ಮೈಗೆ ಅಪ್ಪಳಿಸಿತು. ಮೆದುವಾಗಿ ಇಳಿಯುವುದು ಅದರ ಉದ್ದೇಶವಾಗಿರಲಿಲ್ಲ.

ಸ್ಪರ್ಧೆ

ಗೂಗಲ್ ಸಂಸ್ಥೆಯ ಧನಸಹಾಯದೊಂದಿಗೆ ಎಕ್ಸ್ ಪ್ರೈಜ್ ಪ್ರತಿಷ್ಠಾನವು 2007ರ ಸೆಪ್ಟೆಂಬರ್‌ನಲ್ಲಿ ಈ ಸ್ಪರ್ಧೆಯನ್ನು ಘೋಷಿಸಿತು. ಬಹುಮಾನಗಳ ಒಟ್ಟು ಮೊತ್ತ 3 ಕೋಟಿ ಡಾಲರ್. ಮೊದಲ ಬಹುಮಾನ 2 ಕೋಟಿ ಡಾಲರ್, ಎರಡನೆಯದು 50 ಲಕ್ಷ ಡಾಲರ್. ಉಳಿದ ಮೊತ್ತವನ್ನು ವಿಶೇಷ ಸಾಧನೆಗಳಿಗೆ ಮೀಸಲಿಡಲಾಗಿತ್ತು. ಗೆಲ್ಲಬಯಸುವ ತಂಡವು ಮೂರು ಕಾರ್ಯಗಳನ್ನು ಪೂರೈಸಬೇಕಿತ್ತು:

* ಚಂದ್ರನ ಮೇಲೆ ನೌಕೆಯನ್ನು ಸುರಕ್ಷಿತವಾಗಿ ಇಳಿಸುವುದು
* ಚಂದ್ರನ ಮೇಲೆ ಕನಿಷ್ಠ 500 ಮೀಟರ್ ದೂರ ಚಲಿಸುವುದು
* ಅಲ್ಲಿಂದ ಉತ್ತಮ ಗುಣಮಟ್ಟದ ಚಿತ್ರ ಮತ್ತು ವಿಡಿಯೋಗಳನ್ನು ಭೂಮಿಗೆ ಕಳುಹಿಸುವುದು

ಯೋಜನೆಯ ವೆಚ್ಚದ ಶೇ. 90ರಷ್ಟು ಖಾಸಗಿ ಮೂಲಗಳಿಂದಲೇ ಬರಬೇಕೆಂಬುದು ಮುಖ್ಯ ನಿಬಂಧನೆಯಾಗಿತ್ತು. ಸರ್ಕಾರದ ಹಣದಿಂದ ಗೆಲ್ಲುವ ಹಾದಿ ಇದರಿಂದ ಮುಚ್ಚಿಹೋಯಿತು. ಸ್ಪರ್ಧೆಯ ಗಡುವನ್ನು ಮೊದಲು 2012ರ ಅಂತ್ಯಕ್ಕೆ ನಿಗದಿಪಡಿಸಲಾಗಿತ್ತು. ತಂಡಗಳು ಸಿದ್ಧವಾಗದ ಕಾರಣ ಅದನ್ನು ಹಲವು ಬಾರಿ ಮುಂದೂಡಿ, ಕೊನೆಗೆ 2018ರ ಮಾರ್ಚ್ 31ಕ್ಕೆ ನಿಲ್ಲಿಸಲಾಯಿತು.

ಸ್ಥಾಪನೆ

ತಂಡದ ಸ್ಥಾಪಕರಲ್ಲಿ ಪ್ರಮುಖರು ರಾಹುಲ್ ನಾರಾಯಣ್. ದೆಹಲಿಯ ಐಐಟಿಯ ಪದವೀಧರರಾದ ಅವರು ಸಾಫ್ಟ್‌ವೇರ್ ಉದ್ಯಮದಲ್ಲಿ ತೊಡಗಿದ್ದರು. ಗಗನನೌಕೆ ನಿರ್ಮಾಣದ ಅನುಭವ ಅವರಿಗೆ ಇರಲಿಲ್ಲ. ಸ್ಪರ್ಧೆಗೆ ಭಾರತದಿಂದ ಯಾರೂ ಹೆಸರು ನೋಂದಾಯಿಸಿಲ್ಲವೆಂಬ ಸಂಗತಿ ಅವರ ಗಮನಕ್ಕೆ ಬಂದುದೇ ಈ ಪ್ರಯತ್ನಕ್ಕೆ ಪ್ರೇರಣೆಯಾಯಿತು. ನೋಂದಣಿಯ ಅವಧಿ 2010ರ ಡಿಸೆಂಬರ್ 31ಕ್ಕೆ ಮುಗಿಯಲಿತ್ತು. ನೋಂದಣಿ ಶುಲ್ಕ 50,000 ಡಾಲರ್. ಮಿತ್ರರ ನೆರವಿನಿಂದ ಹಣ ಹೊಂದಿಸಿ, ಅವಧಿ ಮುಗಿಯುವ ಹೊತ್ತಿಗೆ ತಂಡವು ಸ್ಪರ್ಧೆಯನ್ನು ಪ್ರವೇಶಿಸಿತು. ವಾಯುಪಡೆಯ ಮಾಜಿ ಯುದ್ಧವಿಮಾನ ಚಾಲಕ ಸಮೀರ್ ಜೋಶಿ, ಇಂದ್ರನೀಲ್ ಚಕ್ರವರ್ತಿ, ದಿಲೀಪ್ ಛಾಬ್ರಿಯಾ, ಜೂಲಿಯಸ್ ಅಮೃತ್ ಮೊದಲಾದವರು ಆರಂಭದ ವರ್ಷಗಳ ಸಂಗಾತಿಗಳು. ಇವರಲ್ಲಿ ವಿಮಾನಯಾನ, ಜಾಹೀರಾತು, ಹಣಕಾಸು ಹೀಗೆ ಬೇರೆ ಬೇರೆ ಕ್ಷೇತ್ರಗಳಿಂದ ಬಂದವರಿದ್ದರು.

ಬೆಂಗಳೂರಿಗೆ ಸ್ಥಳಾಂತರ

ದೆಹಲಿಯಲ್ಲಿ ಆರಂಭಗೊಂಡ ತಂಡವು ಬಳಿಕ ಬೆಂಗಳೂರಿಗೆ ಬಂದು, ಬಳ್ಳಾರಿ ರಸ್ತೆಗೆ ಸಮೀಪದ ಜಕ್ಕೂರಿನಲ್ಲಿ ನೆಲೆಯೂರಿತು. ಈ ಆಯ್ಕೆಗೆ ಸಾಕಷ್ಟು ಕಾರಣಗಳಿದ್ದವು.

ಉತ್ತರ ಬೆಂಗಳೂರಿಗೂ ಗಗನವಿದ್ಯೆಗೂ ಹಳೆಯ ನಂಟಿದೆ. ಜಕ್ಕೂರಿನ ವಿಮಾನ ತರಬೇತಿ ಶಾಲೆಯು ಸ್ವಾತಂತ್ರ್ಯ ಬಂದ ಹೊಸತರಲ್ಲಿ ಆರಂಭವಾಯಿತು. ಯಲಹಂಕದ ವಾಯುನೆಲೆಯಲ್ಲಿ 1996ರಿಂದ ಏರೋ ಇಂಡಿಯಾ ವೈಮಾನಿಕ ಪ್ರದರ್ಶನ ನಡೆಯುತ್ತಿದೆ. ಯಶವಂತಪುರದ ಪಕ್ಕದಲ್ಲೇ 1909ರಲ್ಲಿ ಸ್ಥಾಪನೆಯಾದ ಭಾರತೀಯ ವಿಜ್ಞಾನ ಸಂಸ್ಥೆ ಇದೆ. ಜಾಲಹಳ್ಳಿಯಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆ ಇದೆ. ಅಲ್ಲಿಂದ ಹೆಚ್ಚು ದೂರವಿಲ್ಲದ ಪೀಣ್ಯ ಕೈಗಾರಿಕಾ ವಸಾಹತಿನ ಶೆಡ್ಡುಗಳಲ್ಲಿಯೇ ಉಡುಪಿ ಜಿಲ್ಲೆಯ ಅದಮಾರಿನವರಾದ ಯು. ಆರ್. ರಾವ್ ಅವರ ನೇತೃತ್ವದಲ್ಲಿ ಭಾರತದ ಮೊದಲ ಉಪಗ್ರಹ ಆರ್ಯಭಟ ಸಿದ್ಧವಾಯಿತು. ಅದು 1975ರ ಏಪ್ರಿಲ್ 19ರಂದು ಸೋವಿಯತ್ ರಾಕೆಟ್ಟಿನ ಮೂಲಕ ಕಕ್ಷೆ ಸೇರಿತು. ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆಯ (ಇಸ್ರೋ) ಕೇಂದ್ರ ಕಚೇರಿಯಾದ ಅಂತರಿಕ್ಷ ಭವನವೂ ನ್ಯೂ ಬಿಇಎಲ್ ರಸ್ತೆಯಲ್ಲಿದೆ.

ಹೀಗಾಗಿ ನೌಕೆಗೆ ಬೇಕಾದ ಬಿಡಿಭಾಗ ತಯಾರಕರು, ಪರೀಕ್ಷಾ ಸೌಲಭ್ಯಗಳು ಮತ್ತು ಎಲ್ಲಕ್ಕಿಂತ ಮುಖ್ಯವಾಗಿ ಅನುಭವಿ ತಜ್ಞರು ಇದೇ ಊರಿನಲ್ಲಿ ದೊರಕುತ್ತಿದ್ದರು. ಇಸ್ರೋದಿಂದ ನಿವೃತ್ತರಾದ ಹಲವು ವಿಜ್ಞಾನಿಗಳು ತಂಡವನ್ನು ಸೇರಿದರು. ಚಂದ್ರಯಾನ-1ರ ಯೋಜನೆಯಲ್ಲಿ ಮಿಷನ್ ನಿರ್ದೇಶಕರಾಗಿದ್ದ ಶ್ರೀನಿವಾಸ ಹೆಗ್ಡೆ ಅವರೂ ಇವರಲ್ಲಿ ಒಬ್ಬರು. ಆಗತಾನೆ ಕಾಲೇಜು ಮುಗಿಸಿ ಬಂದ ಎಂಜಿನಿಯರುಗಳು ಮತ್ತು ಅರವತ್ತು ದಾಟಿದ ವಿಜ್ಞಾನಿಗಳು ಒಂದೇ ಮೇಜಿನ ಸುತ್ತ ಕುಳಿತು ಕೆಲಸ ಮಾಡಿದ್ದು ಈ ತಂಡದ ವಿಶೇಷ ಲಕ್ಷಣವಾಗಿತ್ತು.

ನೌಕೆ ಮತ್ತು ರೋವರ್

ಯೋಜನೆಯಂತೆ ಸುಮಾರು 600 ಕಿಲೋಗ್ರಾಂ ತೂಕದ ನೌಕೆಯನ್ನು ಇಸ್ರೋದ ಪಿಎಸ್‌ಎಲ್‌ವಿ-ಎಕ್ಸ್‌ಎಲ್ ರಾಕೆಟ್ ಮೇಲಕ್ಕೆ ಒಯ್ಯಬೇಕಿತ್ತು. ಚಂದ್ರಯಾನ-1ನ್ನು ಒಯ್ದದ್ದೂ ಇದೇ ಬಗೆಯ ರಾಕೆಟ್. ಈ ರಾಕೆಟ್ ನೌಕೆಯನ್ನು ನೇರವಾಗಿ ಚಂದ್ರನ ಬಳಿಗೆ ಮುಟ್ಟಿಸುವುದಿಲ್ಲ. ಭೂಮಿಯ ಸುತ್ತಲಿನ ನೀಳವಾದ ಅಂಡಾಕಾರದ ಕಕ್ಷೆಯಲ್ಲಿ ಬಿಡುತ್ತದೆ. ಅಲ್ಲಿಂದ ನೌಕೆಯು ತನ್ನದೇ ಎಂಜಿನ್ ಉರಿಸಿ ಚಂದ್ರನತ್ತ ಸಾಗಿ, ಚಂದ್ರನ ಕಕ್ಷೆ ಸೇರಿ, ಕೊನೆಗೆ ಕೆಳಗಿಳಿಯಬೇಕು. ಆದ್ದರಿಂದ ಹೊರಡುವಾಗಿನ ತೂಕದಲ್ಲಿ ದೊಡ್ಡ ಪಾಲು ಇಂಧನದ್ದೇ ಆಗಿರುತ್ತದೆ.

ಇಳಿಕೆಯ ಹಂತವು ಅತ್ಯಂತ ಕಠಿಣವಾದುದು. ಚಂದ್ರನಲ್ಲಿ ವಾಯುಮಂಡಲ ಇಲ್ಲದಿರುವುದರಿಂದ ಪ್ಯಾರಾಚೂಟ್ ಉಪಯೋಗಕ್ಕೆ ಬಾರದು. ಸೆಕೆಂಡಿಗೆ ಸುಮಾರು 1.6 ಕಿಲೋಮೀಟರ್ ವೇಗದಲ್ಲಿ ಸುತ್ತುತ್ತಿರುವ ನೌಕೆಯು ಹಲವೇ ನಿಮಿಷಗಳಲ್ಲಿ ತನ್ನ ವೇಗವನ್ನು ಶೂನ್ಯದ ಹತ್ತಿರಕ್ಕೆ ತರಬೇಕು. ಅದನ್ನು ಎಂಜಿನ್ನಿನ ಎದುರು ಒತ್ತಡದಿಂದ ಮಾತ್ರವೇ ಸಾಧಿಸಬೇಕು. ಚಂದ್ರನು ಸರಾಸರಿ 3,84,400 ಕಿಲೋಮೀಟರ್ ದೂರದಲ್ಲಿರುವುದರಿಂದ ರೇಡಿಯೋ ಸಂಕೇತವು ಒಂದು ದಿಕ್ಕಿನಲ್ಲಿ ಸಾಗಲು ಸುಮಾರು 1.3 ಸೆಕೆಂಡು ಬೇಕು. ಭೂಮಿಯಲ್ಲಿ ಕುಳಿತವರು ನೋಡಿ ಆದೇಶ ಕಳುಹಿಸುವಷ್ಟರಲ್ಲಿ ಕಾಲ ಮಿಂಚಿರುತ್ತದೆ. ಹಾಗಾಗಿ ಎತ್ತರವನ್ನು ಅಳೆಯುವುದು, ಓರೆಯಾಗದಂತೆ ನೋಡಿಕೊಳ್ಳುವುದು, ಎಂಜಿನ್ನಿನ ಬಲವನ್ನು ತಗ್ಗಿಸುವುದು ಇವೆಲ್ಲವನ್ನೂ ನೌಕೆಯ ಗಣಕವೇ ನಿರ್ಧರಿಸಬೇಕು.

ಇಳಿಯುವ ಸ್ಥಳವಾಗಿ ಚಂದ್ರನ ಉತ್ತರಾರ್ಧದ ಮೇರ್ ಇಂಬ್ರಿಯಮ್ ಎಂಬ ವಿಶಾಲ ಬಯಲನ್ನು ಆರಿಸಲಾಗಿತ್ತು. ಲಾವಾ ಹರಿದು ಗಟ್ಟಿಯಾದ ಈ ಬಯಲು ಬಹುಮಟ್ಟಿಗೆ ಸಮತಟ್ಟಾಗಿದೆ. ಚಾಂಗ್-ಇ 3 ಇಳಿದದ್ದೂ ಇದೇ ಬಯಲಿನ ಬೇರೊಂದು ಭಾಗದಲ್ಲಿ.

ನೌಕೆಯೊಳಗಿನ ರೋವರಿಗೆ 'ಏಕ್ ಛೋಟೀಸಿ ಆಶಾ' ಎಂದು ಹೆಸರಿಡಲಾಗಿತ್ತು. ಇದರ ಅರ್ಥ 'ಒಂದು ಪುಟ್ಟ ಆಸೆ'. ಹೆಸರಿನ ಮೊದಲ ಅಕ್ಷರಗಳನ್ನು ಸೇರಿಸಿ ಅದನ್ನು 'ಇಸಿಎ' ಎಂದು ಕರೆಯುತ್ತಿದ್ದರು. ನಾಲ್ಕು ಚಕ್ರಗಳ ಈ ವಾಹನವು ಸೌರಶಕ್ತಿಯಿಂದ ಚಲಿಸುವಂಥದ್ದು. ಫ್ರಾನ್ಸಿನ ರಾಷ್ಟ್ರೀಯ ಬಾಹ್ಯಾಕಾಶ ಸಂಸ್ಥೆಯಾದ ಸಿಎನ್‌ಇಎಸ್ ಇದಕ್ಕೆ ಕ್ಯಾಮೆರಾಗಳನ್ನು ಒದಗಿಸಲು ಒಪ್ಪಿತ್ತು. ಚಂದ್ರನ ಒಂದು ಹಗಲು ಭೂಮಿಯ ಸುಮಾರು 14 ದಿನಗಳಷ್ಟು ದೀರ್ಘವಾದುದು. ಅನಂತರ ಬರುವ ರಾತ್ರಿಯೂ ಅಷ್ಟೇ ದೀರ್ಘ, ಮತ್ತು ಕಡುಶೀತಲ. ನೌಕೆ ಮತ್ತು ರೋವರ್ ಆ ಒಂದು ಹಗಲಿನ ಅವಧಿಗಷ್ಟೇ ಬಾಳುವಂತೆ ವಿನ್ಯಾಸಗೊಂಡಿದ್ದವು.

ಮೈಲಿಗಲ್ಲು ಬಹುಮಾನ

ತಂಡಗಳಿಗೆ ನಡುದಾರಿಯಲ್ಲಿ ಹಣದ ಬಲ ನೀಡುವ ಸಲುವಾಗಿ ಎಕ್ಸ್ ಪ್ರೈಜ್ ಪ್ರತಿಷ್ಠಾನವು ಮೈಲಿಗಲ್ಲು ಬಹುಮಾನಗಳನ್ನು ಘೋಷಿಸಿತು. ಇಳಿಕೆ, ಚಲನೆ ಮತ್ತು ಚಿತ್ರಣ ಎಂಬ ಮೂರು ವಿಭಾಗಗಳಲ್ಲಿ ಭೂಮಿಯ ಮೇಲೆಯೇ ಪರೀಕ್ಷೆಗಳು ನಡೆದವು. 2015ರ ಜನವರಿಯಲ್ಲಿ ಐದು ತಂಡಗಳಿಗೆ ಒಟ್ಟು 52.5 ಲಕ್ಷ ಡಾಲರುಗಳನ್ನು ಹಂಚಲಾಯಿತು. ಟೀಮ್ ಇಂಡಸ್ ಇಳಿಕೆಯ ವಿಭಾಗದಲ್ಲಿ 10 ಲಕ್ಷ ಡಾಲರ್ ಪಡೆಯಿತು. ಅಮೆರಿಕದ ಆಸ್ಟ್ರೋಬಾಟಿಕ್ ಮತ್ತು ಮೂನ್ ಎಕ್ಸ್‌ಪ್ರೆಸ್, ಜಪಾನಿನ ಹಕುಟೋ, ಜರ್ಮನಿಯ ಪಾರ್ಟ್-ಟೈಮ್ ಸೈಂಟಿಸ್ಟ್ಸ್ ಬಹುಮಾನ ಪಡೆದ ಇತರ ತಂಡಗಳು.

ಈ ಬಹುಮಾನದಿಂದ ದೊರೆತ ಹಣಕ್ಕಿಂತ ದೊರೆತ ವಿಶ್ವಾಸಾರ್ಹತೆಯೇ ದೊಡ್ಡದಾಗಿತ್ತು. ಅಲ್ಲಿಯವರೆಗೆ ಉತ್ಸಾಹಿಗಳ ಗುಂಪಾಗಿ ಕಂಡಿದ್ದ ತಂಡವನ್ನು ಹೂಡಿಕೆದಾರರೂ ಉದ್ಯಮಗಳೂ ಗಂಭೀರವಾಗಿ ಪರಿಗಣಿಸುವಂತಾಯಿತು.

ಹಣಕಾಸು

ತಂಡಕ್ಕೆ ಹಣ ಹೂಡಿದವರಲ್ಲಿ ಇನ್ಫೋಸಿಸ್ ಸಹಸ್ಥಾಪಕ ನಂದನ್ ನಿಲೇಕಣಿ, ಉದ್ಯಮಿ ರತನ್ ಟಾಟಾ, ಫ್ಲಿಪ್‌ಕಾರ್ಟ್ ಸ್ಥಾಪಕರಾದ ಸಚಿನ್ ಬನ್ಸಲ್ ಹಾಗೂ ಬಿನ್ನಿ ಬನ್ಸಲ್ ಸೇರಿದ್ದರು. ವೈಯಕ್ತಿಕ ಹೂಡಿಕೆಯ ಜೊತೆಗೆ ಆದಾಯಕ್ಕಾಗಿ ತಂಡವು ಬೇರೆ ಮಾರ್ಗಗಳನ್ನೂ ಹುಡುಕಿತು:

* ನೌಕೆಯಲ್ಲಿನ ಜಾಗವನ್ನು ಇತರ ಸಂಸ್ಥೆಗಳ ಉಪಕರಣಗಳಿಗೆ ಬಾಡಿಗೆಗೆ ನೀಡುವುದು
* ಕಂಪನಿಗಳ ಪ್ರಾಯೋಜಕತ್ವ
* ಸಾರ್ವಜನಿಕರು ಸಣ್ಣ ಮೊತ್ತ ನೀಡಿ ತಮ್ಮ ಹೆಸರನ್ನು ಚಂದ್ರನಿಗೆ ಕಳುಹಿಸುವ ಯೋಜನೆ

2016ರ ಡಿಸೆಂಬರ್‌ನಲ್ಲಿ ಜಪಾನಿನ ಹಕುಟೋ ತಂಡವು ತನ್ನ ರೋವರನ್ನು ಟೀಮ್ ಇಂಡಸ್ ನೌಕೆಯಲ್ಲಿಯೇ ಕಳುಹಿಸಲು ಒಪ್ಪಂದ ಮಾಡಿಕೊಂಡಿತು. ಒಂದೇ ಬಹುಮಾನಕ್ಕೆ ಸ್ಪರ್ಧಿಸುತ್ತಿದ್ದ ಎರಡು ತಂಡಗಳು ಒಂದೇ ನೌಕೆಯ ಸಹಪ್ರಯಾಣಿಕರಾಗುವ ಅಪರೂಪದ ಸನ್ನಿವೇಶ ಇದರಿಂದ ಉಂಟಾಯಿತು.

ವಿದ್ಯಾರ್ಥಿಗಳಿಗಾಗಿ ತಂಡವು 'ಲ್ಯಾಬ್2ಮೂನ್' ಎಂಬ ಸ್ಪರ್ಧೆಯನ್ನು 2016ರಲ್ಲಿ ಆರಂಭಿಸಿತು. 25 ವರ್ಷದೊಳಗಿನವರು, ತಂಪು ಪಾನೀಯದ ಡಬ್ಬಿಯಷ್ಟು ಗಾತ್ರದಲ್ಲಿ ಚಂದ್ರನ ಮೇಲೆ ನಡೆಸಬಹುದಾದ ಪ್ರಯೋಗವೊಂದನ್ನು ರೂಪಿಸಬೇಕಿತ್ತು. ಹಲವು ದೇಶಗಳಿಂದ ಪ್ರಸ್ತಾವಗಳು ಬಂದವು. ಆಯ್ದ ತಂಡಗಳು 2017ರಲ್ಲಿ ಬೆಂಗಳೂರಿಗೆ ಬಂದು ತಮ್ಮ ಮಾದರಿಗಳನ್ನು ಪ್ರದರ್ಶಿಸಿದವು.

ಉಡಾವಣಾ ಒಪ್ಪಂದ ಮತ್ತು ಅದರ ಅಂತ್ಯ

ಇಸ್ರೋದ ವಾಣಿಜ್ಯ ಅಂಗವಾದ ಆಂಟ್ರಿಕ್ಸ್ ಕಾರ್ಪೊರೇಷನ್ ಜೊತೆ ಉಡಾವಣಾ ಒಪ್ಪಂದ ಏರ್ಪಟ್ಟಿರುವುದನ್ನು 2016ರ ಡಿಸೆಂಬರ್ 1ರಂದು ಪ್ರಕಟಿಸಲಾಯಿತು. 2017ರ ಡಿಸೆಂಬರ್ ಅಂತ್ಯದಲ್ಲಿ ಉಡಾವಣೆ ನಡೆಸಿ, 2018ರ ಗಣರಾಜ್ಯೋತ್ಸವದ ಹೊತ್ತಿಗೆ ಚಂದ್ರನ ಮೇಲೆ ಇಳಿಯುವುದು ಗುರಿಯಾಗಿತ್ತು. 2017ರ ಜನವರಿಯಲ್ಲಿ ಎಕ್ಸ್ ಪ್ರೈಜ್ ಪ್ರತಿಷ್ಠಾನವು ಉಡಾವಣಾ ಒಪ್ಪಂದ ಹೊಂದಿದ್ದ ಐದು ತಂಡಗಳನ್ನು ಅಂತಿಮ ಸುತ್ತಿಗೆ ಆಯ್ಕೆ ಮಾಡಿತು: ಟೀಮ್ ಇಂಡಸ್, ಇಸ್ರೇಲಿನ ಸ್ಪೇಸ್‌ಐಎಲ್, ಅಮೆರಿಕದ ಮೂನ್ ಎಕ್ಸ್‌ಪ್ರೆಸ್, ಜಪಾನಿನ ಹಕುಟೋ ಮತ್ತು ಹಲವು ದೇಶಗಳ ಸದಸ್ಯರಿದ್ದ ಸಿನರ್ಜಿ ಮೂನ್.

ಇಡೀ ರಾಕೆಟ್ಟನ್ನು ಗೊತ್ತುಪಡಿಸಿಕೊಂಡ ಸಂಸ್ಥೆಯು ಅದರ ಬೆಲೆಯನ್ನು ಕಂತುಗಳಲ್ಲಿ ಪಾವತಿಸಬೇಕಾಗುತ್ತದೆ. ನೌಕೆಯ ನಿರ್ಮಾಣ, ಪರೀಕ್ಷೆ ಮತ್ತು ಉಡಾವಣೆ ಈ ಮೂರರ ವೆಚ್ಚವನ್ನೂ ಒಟ್ಟಿಗೆ ಹೊರಲು ಬೇಕಾದಷ್ಟು ಹಣವನ್ನು ಗಡುವಿನೊಳಗೆ ಸಂಗ್ರಹಿಸುವುದು ತಂಡಕ್ಕೆ ಸಾಧ್ಯವಾಗಲಿಲ್ಲ. 2018ರ ಜನವರಿಯಲ್ಲಿ ಒಪ್ಪಂದ ಕೊನೆಗೊಂಡಿತು. ಅದೇ ತಿಂಗಳ 23ರಂದು ಎಕ್ಸ್ ಪ್ರೈಜ್ ಪ್ರತಿಷ್ಠಾನವು ಯಾವ ತಂಡವೂ ಮಾರ್ಚ್ 31ರೊಳಗೆ ಚಂದ್ರನನ್ನು ತಲುಪಲಾರದೆಂದು ಪ್ರಕಟಿಸಿತು. ಹತ್ತು ವರ್ಷಗಳಿಗೂ ಮೀರಿ ನಡೆದ ಸ್ಪರ್ಧೆ ಹೀಗೆ ವಿಜೇತರಿಲ್ಲದೆ ಮುಗಿಯಿತು.

ಆನಂತರದ ಬೆಳವಣಿಗೆಗಳು

ನೌಕೆಯ ವಿನ್ಯಾಸಕ್ಕೆ ಮುಂದಿನ ವರ್ಷ ಮತ್ತೊಂದು ಅವಕಾಶ ಒದಗಿತು. ಅಮೆರಿಕದ ನಾಸಾ ಸಂಸ್ಥೆಯು ತನ್ನ ಉಪಕರಣಗಳನ್ನು ಖಾಸಗಿ ನೌಕೆಗಳ ಮೂಲಕ ಚಂದ್ರನಿಗೆ ಕಳುಹಿಸುವ ಯೋಜನೆಯಡಿ 2019ರ ಮೇ 31ರಂದು ಮೂರು ಕಂಪನಿಗಳನ್ನು ಆಯ್ಕೆ ಮಾಡಿತು. ಅವುಗಳಲ್ಲಿ ಒಂದಾದ ಆರ್ಬಿಟ್‌ಬಿಯಾಂಡ್ ಕಂಪನಿಗೆ 9.7 ಕೋಟಿ ಡಾಲರುಗಳ ಗುತ್ತಿಗೆ ದೊರಕಿತು. ಅದು ಬಳಸಲು ಉದ್ದೇಶಿಸಿದ್ದು ಟೀಮ್ ಇಂಡಸ್ ರೂಪಿಸಿದ್ದ ಇಳಿನೌಕೆಯನ್ನು. ಆದರೆ ಎರಡೇ ತಿಂಗಳಲ್ಲಿ, ತನ್ನ ಆಂತರಿಕ ಕಾರಣಗಳಿಂದಾಗಿ ಆರ್ಬಿಟ್‌ಬಿಯಾಂಡ್ ಆ ಗುತ್ತಿಗೆಯಿಂದ ಹಿಂದೆ ಸರಿಯಿತು.

ಸ್ಪರ್ಧೆಯ ಇತರ ತಂಡಗಳಲ್ಲಿ ಕೆಲವು ಸ್ಪರ್ಧೆ ಮುಗಿದ ಮೇಲೂ ಪ್ರಯತ್ನ ಮುಂದುವರಿಸಿದವು. ಸ್ಪೇಸ್‌ಐಎಲ್ ದಾನಿಗಳ ನೆರವಿನಿಂದ ನಿರ್ಮಿಸಿದ ಬೆರೆಶೀಟ್ ನೌಕೆಯು 2019ರ ಏಪ್ರಿಲ್ 11ರಂದು ಇಳಿಯುವಾಗ ಅಪ್ಪಳಿಸಿ ನಾಶವಾಯಿತು. ಹಕುಟೋ ತಂಡದ ಹಿಂದಿದ್ದ ಐಸ್ಪೇಸ್ ಕಂಪನಿಯು 2017ರ ಡಿಸೆಂಬರ್‌ನಲ್ಲಿಯೇ ಸ್ವಂತ ನೌಕೆಗಾಗಿ ಸುಮಾರು 9 ಕೋಟಿ ಡಾಲರ್ ಬಂಡವಾಳ ಸಂಗ್ರಹಿಸಿತ್ತು. ಅದರ ನೌಕೆಗಳು 2023ರ ಏಪ್ರಿಲ್‌ನಲ್ಲಿ ಒಮ್ಮೆ, 2025ರ ಜೂನ್‌ನಲ್ಲಿ ಮತ್ತೊಮ್ಮೆ ಇಳಿಕೆಯ ಕೊನೆಯ ಹಂತದಲ್ಲಿ ವಿಫಲಗೊಂಡವು. ಇಸ್ರೋದ ಚಂದ್ರಯಾನ-2ರ ವಿಕ್ರಮ್ ಇಳಿನೌಕೆಯೂ 2019ರ ಸೆಪ್ಟೆಂಬರ್ 7ರಂದು ಇಳಿಯುವಾಗ ಅಪ್ಪಳಿಸಿತು. 2023ರ ಆಗಸ್ಟ್ 23ರಂದು ಚಂದ್ರಯಾನ-3 ಯಶಸ್ವಿಯಾಗಿ ಇಳಿಯಿತು. ಖಾಸಗಿ ನೌಕೆಯೊಂದು ಚಂದ್ರನನ್ನು ಮೆದುವಾಗಿ ತಲುಪಿದ್ದು 2024ರ ಫೆಬ್ರವರಿಯಲ್ಲಿ. ಅಮೆರಿಕದ ಇಂಟ್ಯೂಟಿವ್ ಮೆಷೀನ್ಸ್ ಕಂಪನಿಯ ಆ ನೌಕೆ ಇಳಿದ ಮೇಲೆ ಓರೆಯಾಗಿ ವಾಲಿತು. 2025ರ ಮಾರ್ಚ್ 2ರಂದು ಫೈರ್‌ಫ್ಲೈ ಕಂಪನಿಯ ಬ್ಲೂ ಘೋಸ್ಟ್ ನೆಟ್ಟಗೆ ಇಳಿದು ತನ್ನ ಕಾರ್ಯವನ್ನು ಪೂರೈಸಿತು.

ಈ ಸರಣಿಯನ್ನು ಗಮನಿಸಿದರೆ, 2018ರ ಗಡುವು ಎಷ್ಟು ಬಿಗಿಯಾಗಿತ್ತು ಎಂಬುದು ತಿಳಿಯುತ್ತದೆ. ಹೆಚ್ಚು ಹಣ ಮತ್ತು ಹೆಚ್ಚು ಕಾಲಾವಕಾಶ ಇದ್ದವರೂ ಮೊದಲ ಯತ್ನದಲ್ಲಿ ಎಡವಿದ್ದಾರೆ.

ಉದ್ಯಮಿಗಳಿಗೆ ದೊರೆಯುವ ಪಾಠಗಳು

ಬಹುಮಾನ ಮತ್ತು ವ್ಯವಹಾರ

ಮೊದಲ ಬಹುಮಾನದ ಮೊತ್ತವು ಚಂದ್ರಯಾನವೊಂದರ ಒಟ್ಟು ವೆಚ್ಚಕ್ಕೆ ಸಾಲುವಂಥದ್ದಾಗಿರಲಿಲ್ಲ. ಬೆರೆಶೀಟ್ ಯೋಜನೆಗೆ ಸುಮಾರು 10 ಕೋಟಿ ಡಾಲರ್ ತಗಲಿತು. ಎಂದರೆ ಮೊದಲ ಬಹುಮಾನದ ಐದು ಪಟ್ಟು. ಗೆದ್ದರೂ ಹೂಡಿದ ಹಣ ಹಿಂದಿರುಗದ ಸ್ಪರ್ಧೆಯಲ್ಲಿ, ಬಹುಮಾನದ ಆಚೆಗೆ ಗ್ರಾಹಕರು ಯಾರೆಂಬ ಪ್ರಶ್ನೆಯೇ ನಿರ್ಣಾಯಕವಾಗುತ್ತದೆ. ಚಂದ್ರನಿಗೆ ಸರಕು ಸಾಗಿಸುವ ಸೇವೆಗೆ ನಿಯಮಿತವಾಗಿ ಹಣ ತೆರುವ ಗ್ರಾಹಕನಾಗಿ ನಾಸಾ ಮುಂದೆ ಬಂದದ್ದು ಸ್ಪರ್ಧೆ ಮುಗಿದ ನಂತರ. ಮಾರುಕಟ್ಟೆ ತೆರೆಯುವ ಮುನ್ನವೇ ಅಂಗಡಿ ಇಟ್ಟ ಸ್ಥಿತಿ ಟೀಮ್ ಇಂಡಸ್‌ನದಾಗಿತ್ತು.

ಅನ್ಯರ ಗಡುವು

ತಾಂತ್ರಿಕ ಸಿದ್ಧತೆಯ ಕಾಲಪಟ್ಟಿ ಮತ್ತು ಹಣ ಸಂಗ್ರಹದ ಕಾಲಪಟ್ಟಿ ಒಂದೇ ವೇಗದಲ್ಲಿ ಸಾಗುವುದಿಲ್ಲ. ಗಡುವು ಹತ್ತಿರವಾದಂತೆ ವೆಚ್ಚ ಏರುತ್ತದೆ. ಆದರೆ ಗಡುವು ತಪ್ಪುವ ಭಯದಿಂದ ಹೂಡಿಕೆದಾರರು ಅದೇ ಸಮಯದಲ್ಲಿ ಹಿಂಜರಿಯುತ್ತಾರೆ. ಮೊದಲೇ ಸ್ವಂತ ನೌಕೆಯ ಯೋಜನೆಗೆ ಬಂಡವಾಳ ಕೂಡಿಸಿಕೊಂಡಿದ್ದ ಐಸ್ಪೇಸ್‌ಗೆ ಸ್ಪರ್ಧೆಯ ಅಂತ್ಯವು ಒಂದು ಹಂತದ ಮುಕ್ತಾಯವಷ್ಟೇ ಆಯಿತು. ಸ್ಪರ್ಧೆಯ ದಿನಾಂಕವನ್ನೇ ಕೇಂದ್ರವಾಗಿಟ್ಟುಕೊಂಡ ತಂಡಗಳಿಗೆ ಅದು ದೊಡ್ಡ ಪೆಟ್ಟಾಯಿತು.

ಒಂದೇ ದಾರಿಯ ಅವಲಂಬನೆ

ಸಾಫ್ಟ್‌ವೇರ್ ಉತ್ಪನ್ನವನ್ನು ಸ್ವಲ್ಪ ಸ್ವಲ್ಪವಾಗಿ ಬಿಡುಗಡೆ ಮಾಡಿ ತಿದ್ದಬಹುದು. ಗಗನನೌಕೆಯ ವಿಷಯದಲ್ಲಿ ಅದು ಸಾಧ್ಯವಿಲ್ಲ. ಉಡಾವಣೆಯ ದಿನದವರೆಗೆ ಆದಾಯ ಬಹುತೇಕ ಶೂನ್ಯ. ಒಂದು ರಾಕೆಟ್, ಒಂದು ನೌಕೆ, ಒಂದು ಅವಕಾಶ. ಟೀಮ್ ಇಂಡಸ್‌ನ ಒಪ್ಪಂದ ಮುರಿದಾಗ ಅದರ ನೌಕೆಯನ್ನು ನೆಚ್ಚಿಕೊಂಡಿದ್ದ ಹಕುಟೋ ರೋವರ್ ಕೂಡ ಭೂಮಿಯಲ್ಲೇ ಉಳಿಯಿತು. ನಡುವೆ ಮಾರಬಹುದಾದ ಸಣ್ಣ ಉತ್ಪನ್ನ ಅಥವಾ ಸೇವೆಯೊಂದು ಇದ್ದರೆ ಇಂಥ ಕಂಪನಿಯ ಉಸಿರು ಹೆಚ್ಚು ಕಾಲ ಉಳಿಯುತ್ತದೆ.

ಅನುಭವ ಮತ್ತು ಯೌವನ

ಕ್ಷೇತ್ರದ ಹೊರಗಿನವರು ಕಂಪನಿ ಕಟ್ಟಿದಾಗ, 'ಇದು ಆಗದು' ಎಂಬ ಪೂರ್ವಗ್ರಹ ಅವರಿಗೆ ಇರುವುದಿಲ್ಲ. ಆದರೆ ಯಾವುದು ಕಷ್ಟವೆಂಬ ಅರಿವೂ ಇರುವುದಿಲ್ಲ. ಈ ಕೊರತೆಯನ್ನು ಟೀಮ್ ಇಂಡಸ್ ನಿವೃತ್ತ ವಿಜ್ಞಾನಿಗಳ ಮೂಲಕ ತುಂಬಿಕೊಂಡಿತು. ಹಲವು ದಶಕಗಳ ಸರ್ಕಾರಿ ಸಂಸ್ಥೆಯ ಅನುಭವವು ಖಾಸಗಿ ಉದ್ಯಮಕ್ಕೆ ಹರಿದ ಆರಂಭಿಕ ನಿದರ್ಶನಗಳಲ್ಲಿ ಇದೂ ಒಂದು. ಇಂದು ಭಾರತದ ಹಲವು ಬಾಹ್ಯಾಕಾಶ ನವೋದ್ಯಮಗಳಲ್ಲಿ ಇದೇ ಪದ್ಧತಿ ಕಾಣಸಿಗುತ್ತದೆ.

ಕಾನೂನಿನ ಚೌಕಟ್ಟು

1967ರ ಬಾಹ್ಯಾಕಾಶ ಒಪ್ಪಂದದ ಪ್ರಕಾರ, ಖಾಸಗಿಯವರು ನಡೆಸುವ ಬಾಹ್ಯಾಕಾಶ ಚಟುವಟಿಕೆಗಳಿಗೂ ಅವರವರ ದೇಶದ ಸರ್ಕಾರವೇ ಹೊಣೆ. ಆದ್ದರಿಂದ ಅನುಮತಿ ಮತ್ತು ಮೇಲ್ವಿಚಾರಣೆಗೆ ಸ್ಪಷ್ಟ ವ್ಯವಸ್ಥೆ ಅಗತ್ಯ. ಟೀಮ್ ಇಂಡಸ್ ಕೆಲಸ ಮಾಡಿದ ಅವಧಿಯಲ್ಲಿ ಅಂಥ ಪ್ರತ್ಯೇಕ ಸಂಸ್ಥೆ ಭಾರತದಲ್ಲಿ ಇರಲಿಲ್ಲ. 2020ರ ಜೂನ್‌ನಲ್ಲಿ ಕೇಂದ್ರ ಸಚಿವ ಸಂಪುಟವು ಇನ್-ಸ್ಪೇಸ್ ಸಂಸ್ಥೆಯ ಸ್ಥಾಪನೆಗೆ ಒಪ್ಪಿಗೆ ನೀಡಿತು. 2023ರಲ್ಲಿ ಭಾರತೀಯ ಬಾಹ್ಯಾಕಾಶ ನೀತಿ ಪ್ರಕಟವಾಯಿತು. ಬಳಿಕ ಬಂದ ಉದ್ಯಮಗಳಿಗೆ ಅರ್ಜಿಯನ್ನು ಎಲ್ಲಿ ಸಲ್ಲಿಸಬೇಕೆಂಬುದಾದರೂ ಖಚಿತವಾಗಿ ಗೊತ್ತಿತ್ತು.

ಹೋಲಿಸಬಹುದಾದ ಇತರ ಪ್ರಯತ್ನಗಳು

ಸಿಂಪ್ಯೂಟರ್ ಮತ್ತು ಸ್ಟ್ರಾಂಡ್: ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರಾದ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್ ಮತ್ತು ವಿ. ವಿನಯ್ ಅವರ ಪ್ರಯತ್ನಗಳು ಇದಕ್ಕೆ ಒಂದು ದಶಕದಷ್ಟು ಹಿಂದಿನವು. ಜನಸಾಮಾನ್ಯರಿಗಾಗಿ ಅಂಗೈಯಗಲದ ಅಗ್ಗದ ಗಣಕವಾಗಿ ರೂಪುಗೊಂಡ ಸಿಂಪ್ಯೂಟರ್, ಹೆಸರು ಗಳಿಸಿತಾದರೂ ನಿರೀಕ್ಷಿಸಿದ ಮಾರಾಟ ಕಾಣಲಿಲ್ಲ. ಇವರೇ 2000ದಲ್ಲಿ ಆರಂಭಿಸಿದ ಸ್ಟ್ರಾಂಡ್ ಕಂಪನಿಯು ಹೆಬ್ಬಾಳದಲ್ಲಿ ನೆಲೆಸಿ, ಜೀವವಿಜ್ಞಾನದ ಸಾಫ್ಟ್‌ವೇರಿನಿಂದ ಆರಂಭಿಸಿ ಕ್ರಮೇಣ ವಂಶವಾಹಿ ಪರೀಕ್ಷೆಗಳತ್ತ ಹೊರಳಿತು. 2021ರಲ್ಲಿ ರಿಲಯನ್ಸ್ ಸಮೂಹವು 393 ಕೋಟಿ ರೂಪಾಯಿ ಹೂಡಿ ಅದರ ಬಹುಪಾಲನ್ನು ಪಡೆಯಿತು. ದಾರಿ ಬದಲಿಸಿಕೊಳ್ಳಲು ಎರಡು ದಶಕಗಳ ಅವಕಾಶ ಇದ್ದುದು ಈ ಕಂಪನಿಯ ಬಲವಾಗಿತ್ತು.

ಪಿಕ್ಸೆಲ್: ಚಿಕ್ಕಮಗಳೂರು ಜಿಲ್ಲೆಯ ಆಲ್ದೂರಿನವರಾದ ಅವೈಸ್ ಅಹ್ಮದ್ ಅವರು ಕ್ಷಿತಿಜ್ ಖಂಡೇಲ್‌ವಾಲ್ ಅವರೊಂದಿಗೆ 2019ರಲ್ಲಿ ಆರಂಭಿಸಿದ ಬೆಂಗಳೂರಿನ ಕಂಪನಿ ಇದು. ಭೂಮಿಯ ಚಿತ್ರಗಳನ್ನು ನೂರಾರು ಬಣ್ಣದ ಪಟ್ಟಿಗಳಲ್ಲಿ ಸೆರೆಹಿಡಿಯುವ ಉಪಗ್ರಹಗಳನ್ನು ನಿರ್ಮಿಸುತ್ತದೆ. ಬೆಳೆಯ ರೋಗ, ಅನಿಲ ಸೋರಿಕೆ ಮೊದಲಾದವನ್ನು ಪತ್ತೆಹಚ್ಚಲು ಈ ಚಿತ್ರಗಳು ನೆರವಾಗುತ್ತವೆ. 2022ರಲ್ಲಿ ಪ್ರಾಯೋಗಿಕ ಉಪಗ್ರಹಗಳನ್ನೂ, 2025ರ ಜನವರಿಯಲ್ಲಿ 'ಫೈರ್‌ಫ್ಲೈ' ಹೆಸರಿನ ಮೂರು ಉಪಗ್ರಹಗಳನ್ನೂ ಕಕ್ಷೆಗೆ ಕಳುಹಿಸಿತು. ಚಿತ್ರಗಳಿಗೆ ಹಣ ನೀಡುವ ಗ್ರಾಹಕರು ಮೊದಲೇ ಇದ್ದುದು ಮತ್ತು ಸಣ್ಣದರಿಂದ ದೊಡ್ಡದಕ್ಕೆ ಹಂತಹಂತವಾಗಿ ಏರಿದ್ದು ಟೀಮ್ ಇಂಡಸ್‌ಗಿಂತ ಇದನ್ನು ಭಿನ್ನವಾಗಿಸುತ್ತವೆ.

ಸ್ಟ್ರಿಂಗ್ ಬಯೋ: ಎಳಿಲ್ ಸುಬ್ಬಿಯನ್ ಮತ್ತು ವಿನೋದ್ ಕುಮಾರ್ 2013ರಲ್ಲಿ ಸ್ಥಾಪಿಸಿದ ಈ ಕಂಪನಿಯು ಮೀಥೇನ್ ಅನಿಲವನ್ನು ಸೂಕ್ಷ್ಮಜೀವಿಗಳ ಮೂಲಕ ಪ್ರೋಟೀನ್ ಆಗಿ ಪರಿವರ್ತಿಸುವ ತಂತ್ರಜ್ಞಾನವನ್ನು ಬೆಳೆಸಿತು. ಬಳ್ಳಾರಿ ರಸ್ತೆಯ ಕೃಷಿ ವಿಶ್ವವಿದ್ಯಾಲಯದ (ಜಿಕೆವಿಕೆ) ಆವರಣದಲ್ಲಿರುವ ಸಿ-ಕ್ಯಾಂಪ್ ಕೇಂದ್ರದ ಪ್ರಯೋಗಾಲಯ ಸೌಲಭ್ಯಗಳು ಇದರ ಆರಂಭಿಕ ಬೆಳವಣಿಗೆಗೆ ನೆರವಾದವು. ದುಬಾರಿ ಉಪಕರಣಗಳನ್ನು ಪ್ರತಿಯೊಬ್ಬರೂ ಕೊಳ್ಳುವ ಬದಲು ಹಂಚಿಕೊಂಡು ಬಳಸುವ ಇಂಥ ವ್ಯವಸ್ಥೆ, ಹಣವಿಲ್ಲದ ಆರಂಭದ ವರ್ಷಗಳನ್ನು ದಾಟಲು ಸೇತುವೆಯಾಗುತ್ತದೆ.

ಮಹತ್ವ

ಟೀಮ್ ಇಂಡಸ್ ಚಂದ್ರನನ್ನು ತಲುಪಲಿಲ್ಲ. ಆದರೂ ಸರ್ಕಾರದ ಹೊರಗಿನ ಭಾರತೀಯ ತಂಡವೊಂದು ಇಳಿನೌಕೆಯನ್ನು ವಿನ್ಯಾಸಗೊಳಿಸಿ, ಅಂತಾರಾಷ್ಟ್ರೀಯ ತೀರ್ಪುಗಾರರ ಪರೀಕ್ಷೆಯಲ್ಲಿ ತೇರ್ಗಡೆಯಾಗಿ, ನಾಸಾ ಆಯ್ಕೆ ಮಾಡಿದ ಕಂಪನಿಯೊಂದು ಅದೇ ವಿನ್ಯಾಸವನ್ನು ನೆಚ್ಚುವ ಮಟ್ಟಿಗೆ ಬೆಳೆಸಿತು ಎಂಬುದು ದಾಖಲಾರ್ಹ ಸಂಗತಿ. ಅಲ್ಲಿ ದುಡಿದ ಯುವ ಎಂಜಿನಿಯರುಗಳಿಗೆ ನೌಕೆಯೊಂದನ್ನು ಆರಂಭದಿಂದ ರೂಪಿಸುವ ಅನುಭವ ದೊರಕಿತು. ಇಂಥ ಅವಕಾಶ ಅದುವರೆಗೆ ದೇಶದಲ್ಲಿ ಬಹುತೇಕ ಇಸ್ರೋದೊಳಗೆ ಮಾತ್ರ ಲಭ್ಯವಿತ್ತು.

ಕಾಲಾನುಕ್ರಮ

* 2007 ಸೆಪ್ಟೆಂಬರ್: ಗೂಗಲ್ ಲೂನಾರ್ ಎಕ್ಸ್ ಪ್ರೈಜ್ ಘೋಷಣೆ
* 2010 ಡಿಸೆಂಬರ್: ನೋಂದಣಿಯ ಅವಧಿ ಮುಕ್ತಾಯ, ಭಾರತದಿಂದ ಟೀಮ್ ಇಂಡಸ್ ಪ್ರವೇಶ
* 2015 ಜನವರಿ: ಇಳಿಕೆ ವಿಭಾಗದಲ್ಲಿ 10 ಲಕ್ಷ ಡಾಲರ್ ಮೈಲಿಗಲ್ಲು ಬಹುಮಾನ
* 2016 ಡಿಸೆಂಬರ್: ಆಂಟ್ರಿಕ್ಸ್ ಜೊತೆಗಿನ ಒಪ್ಪಂದದ ಪ್ರಕಟಣೆ, ಹಕುಟೋ ಜೊತೆ ಸಹಯೋಗ
* 2017 ಜನವರಿ: ಅಂತಿಮ ಐದು ತಂಡಗಳಲ್ಲಿ ಸ್ಥಾನ
* 2018 ಜನವರಿ: ಉಡಾವಣಾ ಒಪ್ಪಂದದ ಅಂತ್ಯ
* 2018 ಮಾರ್ಚ್ 31: ವಿಜೇತರಿಲ್ಲದೆ ಸ್ಪರ್ಧೆಯ ಮುಕ್ತಾಯ
* 2019 ಮೇ: ಆರ್ಬಿಟ್‌ಬಿಯಾಂಡ್ ಕಂಪನಿಗೆ ನಾಸಾ ಗುತ್ತಿಗೆ
* 2019 ಜುಲೈ: ಗುತ್ತಿಗೆಯಿಂದ ಆರ್ಬಿಟ್‌ಬಿಯಾಂಡ್ ಹಿಂದೆ ಸರಿದದ್ದು